ಹುಳಿ ದ್ರಾಕ್ಷಿ ತಿಂದವರು ಯಾರು?

ಕಳೆದ ಖರೀಫ್ ಕಾಲದಲ್ಲಿ ನಾವು ಏಳೆಂಟು ಕುಟುಂಬದವರು ಸೇರಿ ಮಸ್ಕತ್ತಿನಿಂದ ಸಲಾಲಾಕ್ಕೆ ಹೋಗಿದ್ದೆವು. ಸಾವಿರ ಕಿಲೋಮೀಟರಿನಷ್ಟು ಬರಡು ನೆಲ ದಾಟಿ ಧೋಫಾರಿನ ಬೆಟ್ಟಗಳ ಹಸಿರನ್ನೂ ಜಿಟಿಜಿಟಿ ಮಳೆಯನ್ನೂ ಕಂಡಾಗ, ಕರಾವಳಿಯ ಕಡೆಯಿಂದ ಬಂದ ನಮಗೆಲ್ಲ ಊರಿನ ಆಟಿ ತಿಂಗಳ ನೆನಪಾಯಿತು. ಎರಡನೆಯ ದಿನ ಜಬಲ್ ಇತ್ತೀನ್ ಎಂಬ ಬೆಟ್ಟ ಹತ್ತಿ ನಬಿ ಅಯ್ಯೂಬರ ಸಮಾಧಿಯನ್ನು ನೋಡಿದೆವು. ಚಪ್ಪಲಿ ಹೊರಗೆ ಬಿಟ್ಟು, ಹೆಂಗಸರು ತಲೆಗೆ ಸೆರಗು ಹೊದ್ದು ಒಳಗೆ ಹೋಗಿ, ಹಸಿರು ಬಟ್ಟೆ ಹೊದಿಸಿದ ಗೋರಿಗೆ ಕೈಮುಗಿದು ಬಂದರು. ಕುರಾನಿನಲ್ಲಿ ಅಯ್ಯೂಬರೆನಿಸಿದ ಈ ಪ್ರವಾದಿಯೇ ಹೀಬ್ರೂ ಧರ್ಮಗ್ರಂಥದ ಯೋಬ. ಈತನ ಸಮಾಧಿಯನ್ನು ಬೇರೆ ನಾಡುಗಳಲ್ಲೂ ತೋರಿಸುತ್ತಾರೆ. ನಿಜವಾದದ್ದು ಯಾವುದೆಂಬ ಚರ್ಚೆ ನನಗೆ ಬೇಡ. ಮೂರು ಧರ್ಮಗಳವರು ಗೌರವಿಸುವ ಒಬ್ಬ ಸಂಕಟಜೀವಿಯ ನೆನಪು ಒಮಾನಿನ ಮಂಜು ಮುಸುಕಿದ ಬೆಟ್ಟದ ಮೇಲೂ ಇದೆಯೆಂಬುದಷ್ಟೇ ಇಲ್ಲಿ ಮುಖ್ಯ.

ಹಿಂತಿರುಗುವ ದಾರಿಯಲ್ಲಿ ಮಕ್ಕಳಿಗೆ ಯೋಬನ ಕಥೆ ಹೇಳುತ್ತಿದ್ದೆ. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ನಡುವೆ ಬಾಯಿ ಹಾಕಿ, "ಎಷ್ಟು ಒಳ್ಳೆಯವನಾದರೇನು ಮಾರಾಯ್ರೆ, ಹಿಂದಿನದ್ದು ಏನಾದರೂ ಇರಲೇಬೇಕು. ಇಲ್ಲದಿದ್ದರೆ ಅಷ್ಟು ಕಷ್ಟ ಬರುವುದುಂಟೆ?" ಎಂದರು. ಹಿಂದಿನ ಸೀಟಿನಲ್ಲಿದ್ದ ಇನ್ನೊಬ್ಬರು ದನಿಗೂಡಿಸಿದರು: "ಹೌದು, ನಮ್ಮ ಪಡ್ರೆಯ ಆ ಎಂಡೋಸಲ್ಫಾನ್ ಮಕ್ಕಳನ್ನು ಕಂಡಾಗ ನನಗೂ ಹಾಗೇ ಅನಿಸುತ್ತದೆ. ಯಾವ ಜನ್ಮದ ಪಾಪವೋ, ಪಾಪ!" ಅವರ ಮಾತಿನಲ್ಲಿ ಕನಿಕರವಿತ್ತು, ಕುಹಕವಿರಲಿಲ್ಲ. ಆದರೂ ಆ ಮಾತು ನನಗೆ ಚುಚ್ಚಿತು. ಹಿರಿಯರೆದುರು ವಾದ ಬೇಡವೆಂದು ಸುಮ್ಮನಾದೆ. ನಮ್ಮ ಪತ್ರಿಕೆಯ ಸಂಪಾದಕರು ಒಂದು ಲೇಖನ ಬೇಕೆಂದು ಕೇಳಿದಾಗ, ಅಂದು ಕೊಡದೆ ಉಳಿದ ಉತ್ತರವನ್ನೇ ಬರೆಯೋಣವೆನಿಸಿತು.

ಮೊದಲು ಯೋಬನ ವಿಚಾರ. ಅವನು ದೈವಭಕ್ತ, ಸಿರಿವಂತ, ಬಡವರಿಗೆ ಆಸರೆಯಾದವನು. ಒಂದೇ ಏಟಿಗೆ ದನಕರು ಹೋದವು, ಹತ್ತು ಮಂದಿ ಮಕ್ಕಳು ಸತ್ತರು, ಮೈತುಂಬ ಹುಣ್ಣು ಎದ್ದಿತು. ಸುದ್ದಿ ತಿಳಿದು ಮೂವರು ಗೆಳೆಯರು ಬಂದು, ಏಳು ದಿನ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎನ್ನಬೇಕು. ಬಾಯಿ ತೆರೆದ ಮೇಲೆ ಮೂವರದೂ ಒಂದೇ ರಾಗ: ದೇವರು ನ್ಯಾಯವಂತ, ಸುಮ್ಮನೆ ಶಿಕ್ಷಿಸುವವನಲ್ಲ, ನೀನು ಏನೋ ಮಾಡಿರಬೇಕು, ಒಪ್ಪಿಕೊಂಡುಬಿಡು. ಒಬ್ಬನಂತೂ ಸತ್ತ ಮಕ್ಕಳ ಮೇಲೂ ತಪ್ಪು ಹೊರಿಸುತ್ತಾನೆ. ಯೋಬ ಒಪ್ಪುವುದಿಲ್ಲ. ದೇವರನ್ನೇ ವಾದಕ್ಕೆ ಕರೆಯುತ್ತಾನೆ. ಕೊನೆಯಲ್ಲಿ ದೇವರು ಪ್ರತ್ಯಕ್ಷನಾಗಿ ಯಾರ ಮೇಲೆ ಸಿಟ್ಟಾಗುತ್ತಾನೆ? ತನ್ನ ಮೇಲೆ ದೂರು ಹೊರಿಸಿದ ಯೋಬನ ಮೇಲಲ್ಲ. ತನ್ನ ಪರವಾಗಿಯೇ ವಾದಿಸಿದ ಆ ಗೆಳೆಯರ ಮೇಲೆ! ನೀವು ಸರಿಯಾದುದನ್ನು ಆಡಲಿಲ್ಲ, ಯೋಬನೇ ನಿಮಗಾಗಿ ಪ್ರಾರ್ಥಿಸಲಿ ಎನ್ನುತ್ತಾನೆ. ನೊಂದವನ ಮೇಲೆ ತಪ್ಪು ಹೊರಿಸಿ ದೇವರ ನ್ಯಾಯವನ್ನು ಕಾಪಾಡಲು ಹೊರಟವರಿಗೆ ದೇವರೇ ಕೊಟ್ಟ ಛೀಮಾರಿ ಇದು.

ನಮಗೂ ಇದು ಹೊಸದಲ್ಲ. ಹರಿಶ್ಚಂದ್ರನ ಕಥೆಯನ್ನು ರಾಘವಾಂಕನಲ್ಲಿ ಓದುವಾಗಲಿ, ಬಯಲಾಟದಲ್ಲಿ ನೋಡುವಾಗಲಿ, ನಾವ್ಯಾರೂ ಅವನ ಪೂರ್ವಜನ್ಮವನ್ನು ಕೆದಕುವುದಿಲ್ಲ. ಸುಡುಗಾಡಿನಲ್ಲಿ ನಿಂತ ರಾಜನನ್ನು ಕಂಡು ಕಣ್ಣೀರು ಹಾಕುತ್ತೇವೆಯೇ ಹೊರತು ಲೆಕ್ಕ ಕೇಳುವುದಿಲ್ಲ. ಕಥೆಯ ರಾಜನಿಗೆ ತೋರಿಸುವ ಈ ಔದಾರ್ಯವನ್ನು ಪಕ್ಕದ ಊರಿನ ಕೂಲಿಯವಳ ಮಗುವಿಗೆ ಏಕೆ ತೋರಿಸುವುದಿಲ್ಲ? ನನ್ನ ಮೊದಲ ಪ್ರಶ್ನೆ ಇದು.

ಇನ್ನು ಯೋಬನ ಹೆಸರನ್ನೆತ್ತಿದ ಒಬ್ಬ ಪ್ರವಾದಿಯತ್ತ ಬರೋಣ. ಆತ ಯೆಹೆಜ್ಕೇಲ. ಯೆರೂಸಲೇಮಿನ ಪುರೋಹಿತ ಮನೆತನದವನು. ಕ್ರಿ.ಪೂ. 597ರಲ್ಲಿ ಬ್ಯಾಬಿಲೋನಿನ ಅರಸು ಯೆಹೂದ್ಯರ ರಾಜನನ್ನೂ ಪ್ರಮುಖರನ್ನೂ ಸೆರೆಹಿಡಿದು ಒಯ್ದಾಗ ಅವರ ಜೊತೆ ಪರದೇಶಕ್ಕೆ ಹೋದವನು. ಕೆಬಾರ್ ಎಂಬ ಕಾಲುವೆಯ ದಂಡೆಯ ಮೇಲೆ ನೆಲೆಯೂರಿದ ಆ ಜನರ ನಡುವೆ ನಿಂತು ಅವನು ಮಾತಾಡಿದ. ಅಂದರೆ ಅವನ ಶ್ರೋತೃಗಳು ಊರು ಬಿಟ್ಟವರು, ಊರಿನ ಸುದ್ದಿಗೆ ಕಿವಿಗೊಟ್ಟು ಕುಳಿತವರು. ನಾವು ಸ್ವಂತ ಇಚ್ಛೆಯಿಂದ, ಸಂಬಳಕ್ಕಾಗಿ ಬಂದವರು. ಅವರು ಸೆರೆಯಾಳುಗಳಾಗಿ ಬಂದವರು. ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಆದರೂ ದೂರದಲ್ಲಿ ಕುಳಿತು "ಊರು ಹೀಗಾಯಿತಲ್ಲ" ಎಂದು ಕೊರಗುವ ಅಭ್ಯಾಸ ಇಬ್ಬರಿಗೂ ಸಮಾನವೇ.

ಅವರ ನಡುವೆ ಒಂದು ಗಾದೆ ಓಡಾಡುತ್ತಿತ್ತು. ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರೆ ಜುಮ್ಮೆನ್ನುವುದು ಮಕ್ಕಳ ಹಲ್ಲು ಎಂಬ ಅರ್ಥದ್ದು. ಹಿಂದಿನ ತಲೆಮಾರಿನ ಪಾಪಕ್ಕೆ ನಾವು ಸೆರೆ ಅನುಭವಿಸುತ್ತಿದ್ದೇವೆ, ನಮ್ಮ ಕೈಯಲ್ಲೇನಿದೆ ಎಂಬುದು ಅದರ ಭಾವ. ಇದಕ್ಕೆ ಶಾಸ್ತ್ರದ ಆಧಾರವೂ ಇತ್ತು. ತಂದೆಯ ಅಪರಾಧವನ್ನು ಮೂರು ನಾಲ್ಕು ತಲೆಮಾರಿನ ತನಕ ವಿಚಾರಿಸುವ ದೇವರ ಮಾತು ವಿಮೋಚನಕಾಂಡದಲ್ಲಿ ಬರುತ್ತದೆ. ಯೆಹೆಜ್ಕೇಲ ಆ ಗಾದೆಯನ್ನು ಇನ್ನು ಮುಂದೆ ಆಡಕೂಡದೆಂದು ಖಂಡಿಸಿದ. ಅವನ ಗ್ರಂಥದ ಹದಿನೆಂಟನೆಯ ಅಧ್ಯಾಯವಿಡೀ ಇದೇ ವಾದ. ಧರ್ಮದಲ್ಲಿ ನಡೆದ ತಂದೆ, ಅವನಿಗೆ ಹುಟ್ಟಿದ ದುಷ್ಟ ಮಗ, ಆ ದುಷ್ಟನಿಗೆ ಹುಟ್ಟಿದ ಒಳ್ಳೆಯ ಮೊಮ್ಮಗ: ಹೀಗೆ ಮೂರು ತಲೆಮಾರನ್ನು ಎದುರಿಗೆ ನಿಲ್ಲಿಸಿ, ಪ್ರತಿಯೊಬ್ಬನ ಲೆಕ್ಕ ಅವನವನದೇ ಎಂದು ತೀರ್ಪು ಕೊಡುತ್ತಾನೆ. ತಂದೆಯ ಪುಣ್ಯ ಮಗನನ್ನು ಉಳಿಸದು, ತಂದೆಯ ಪಾಪ ಮಗನಿಗೆ ಅಂಟದು. ಅಷ್ಟೇ ಅಲ್ಲ, ದುಷ್ಟನೂ ತಿರುಗಿ ಸರಿದಾರಿಗೆ ಬಂದರೆ ಹಳೆಯ ಲೆಕ್ಕ ಮುಗಿಯಿತು. ಇನ್ನೊಂದು ಕಡೆ ನೋಹ, ದಾನಿಯೇಲ, ಯೋಬ ಈ ಮೂವರನ್ನು ಹೆಸರಿಸಿ, ಅಂಥ ಪುಣ್ಯವಂತರು ಒಂದು ಕೆಟ್ಟ ನಾಡಿನಲ್ಲಿದ್ದರೂ ತಮ್ಮ ಪ್ರಾಣವನ್ನಷ್ಟೇ ಉಳಿಸಿಕೊಂಡಾರು ಎನ್ನುತ್ತಾನೆ. ಪುಣ್ಯವನ್ನು ಸಾಲ ಕೊಡಲಾಗದು, ಪಾಪವನ್ನು ಆಸ್ತಿಯಂತೆ ಬರೆದಿಡಲಾಗದು.

ಇಲ್ಲಿ ನಮ್ಮ ಕರ್ಮಸಿದ್ಧಾಂತದ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. "ಮಾಡಿದ್ದುಣ್ಣೋ ಮಹಾರಾಯ" ಎಂಬ ನಮ್ಮ ಗಾದೆಯೂ ಯೆಹೆಜ್ಕೇಲನ ಮಾತೂ ಮೂಲದಲ್ಲಿ ದೂರವೇನಲ್ಲ. ಮಾಡಿದವನೇ ಉಣ್ಣಬೇಕು, ಇನ್ನೊಬ್ಬನಲ್ಲ. ಕರ್ಮದ ಮಾತು ನನ್ನನ್ನು ಕುರಿತು ನಾನೇ ಹೇಳಿಕೊಂಡಾಗ ಅದು ಎಚ್ಚರಿಕೆ. ಅದನ್ನೇ ಇನ್ನೊಬ್ಬನ ಮಗುವನ್ನು ಕುರಿತು ಹೇಳಿದಾಗ ಅದು ತೀರ್ಪು. ಆ ಮಗು ಈ ಜನ್ಮದಲ್ಲಿ ಏನೂ ಮಾಡಿಲ್ಲವೆಂಬುದು ಕಣ್ಣಿಗೆ ಕಾಣುವುದರಿಂದ, ಯಾರೂ ಕಾಣದ ಜನ್ಮಕ್ಕೆ ತಪ್ಪನ್ನು ಸಾಗಿಸಬೇಕಾಗುತ್ತದೆ. ಹಾಗೆ ಸಾಗಿಸಿದೊಡನೆ, ಈ ಜನ್ಮದಲ್ಲೇ, ನಮ್ಮ ಕಣ್ಣೆದುರೇ ತಪ್ಪು ಮಾಡಿದವನು ಸದ್ದಿಲ್ಲದೆ ಬಾಗಿಲು ದಾಟಿ ಹೋಗಿಬಿಡುತ್ತಾನೆ. ನನ್ನ ತಕರಾರು ಸಿದ್ಧಾಂತದ ಮೇಲಲ್ಲ, ಈ ಉಪಯೋಗದ ಮೇಲೆ.

ಕಾಸರಗೋಡಿನಲ್ಲಿ ನಡೆದದ್ದು ಇದೇ. ಅಲ್ಲಿಯ ಸಂಗತಿ ನಮ್ಮಲ್ಲಿ ಹಲವರಿಗೆ ಪತ್ರಿಕೆಯ ಚಿತ್ರಗಳಿಂದ ಮಾತ್ರ ಗೊತ್ತು. ಆದುದರಿಂದ ತುಸು ವಿವರವಾಗಿ ಹೇಳುತ್ತೇನೆ.

ಕೇರಳ ತೋಟಗಾರಿಕಾ ನಿಗಮಕ್ಕೆ ಕಾಸರಗೋಡು ಜಿಲ್ಲೆಯಲ್ಲಿ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿ ಗೇರು ತೋಟಗಳಿವೆ. ಗೇರು ಚಿಗುರಿ ಹೂ ಬಿಡುವ ಕಾಲಕ್ಕೆ ಟೀ ಸೊಳ್ಳೆ ಎಂಬ ಕೀಟ ಬಂದು ರಸ ಹೀರುತ್ತದೆ. ಚಿಗುರು, ಹೂಗೊಂಚಲು ಸುಟ್ಟಂತೆ ಕರಟುತ್ತವೆ. ಅದನ್ನು ಕೊಲ್ಲಲು 1970ರ ದಶಕದ ಕೊನೆಯ ಭಾಗದಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು, ವರ್ಷಕ್ಕೆ ಎರಡು ಮೂರು ಬಾರಿ. ಎಣ್ಮಕಜೆ ಪಂಚಾಯತಿನ ಪಡ್ರೆ, ವಾಣೀನಗರ, ಸ್ವರ್ಗ ಮೊದಲಾದ ಕಡೆಗಳನ್ನು ಕಂಡವರಿಗೆ ಭೂಮಿಯ ರಚನೆ ಗೊತ್ತು: ಗೇರು ತೋಟ ಗುಡ್ಡದ ತಲೆಯ ಮೇಲೆ, ಮನೆ, ಅಡಿಕೆ ತೋಟ, ಶಾಲೆ ತಗ್ಗಿನಲ್ಲಿ. ಕುಡಿಯುವ ನೀರು ಗುಡ್ಡದ ಹೊಟ್ಟೆಯನ್ನು ಕೊರೆದು ತೆಗೆದ ಸುರಂಗದ್ದು, ಇಲ್ಲವೇ ತೋಡಿನದ್ದು. ಬಾವಿಯಾದರೆ ಮಡಲು ಹಾಕಿ ಮುಚ್ಚಬಹುದು. ತೋಡನ್ನು ಮುಚ್ಚುವುದು ಹೇಗೆ?

ಪೆರ್ಲದ ಹತ್ತಿರ ನನ್ನ ಅಜ್ಜನಮನೆ. ಚಿಕ್ಕವನಿದ್ದಾಗ ಒಂದು ರಜೆಯಲ್ಲಿ ಆ ಹೆಲಿಕಾಪ್ಟರನ್ನು ನಾನೂ ಕಂಡಿದ್ದೇನೆ. ಸದ್ದು ಕೇಳಿದೊಡನೆ ಮಕ್ಕಳೆಲ್ಲ ಅಂಗಳಕ್ಕೆ ಓಡಿ ಕೈ ಬೀಸಿದೆವು. ಅಜ್ಜಿ ಮಾತ್ರ ಅಂಗಳದಲ್ಲಿ ಒಣಹಾಕಿದ ಹಪ್ಪಳವನ್ನು ಬಾಚಿಕೊಂಡು ಒಳಗೆ ಹೋದರು. ಆ ವಾಸನೆ ಹಪ್ಪಳಕ್ಕೆ ಹಿಡಿಯುತ್ತದೆಂದು ಅವರಿಗೆ ಗೊತ್ತಿತ್ತು. ಮಕ್ಕಳಿಗೂ ಹಿಡಿಯುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

1979ರಲ್ಲೇ ಅಲ್ಲಿ ಒಬ್ಬ ರೈತರ ಮನೆಯ ಕರುಗಳು ಕಾಲು ಸೊಟ್ಟಗಾಗಿ ಹುಟ್ಟಿದ್ದನ್ನು ಕಂಡು ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. 1980ರ ದಶಕದಲ್ಲಿ ವಾಣೀನಗರದಲ್ಲಿ ವೈದ್ಯವೃತ್ತಿ ಆರಂಭಿಸಿದ ಡಾ. ವೈ.ಎಸ್. ಮೋಹನ ಕುಮಾರ್ ಅವರು ಒಂದು ಸಣ್ಣ ಪ್ರದೇಶದಲ್ಲಿ ಬುದ್ಧಿಮಾಂದ್ಯತೆ, ಅಪಸ್ಮಾರ, ಹುಟ್ಟು ಅಂಗವೈಕಲ್ಯ, ಕ್ಯಾನ್ಸರ್ ಮುಂತಾದವು ಅತಿಯಾಗಿ ಕಂಡುಬರುತ್ತಿರುವುದನ್ನು ಗಮನಿಸಿ, ಮನೆ ಮನೆಯ ಲೆಕ್ಕ ಬರೆದಿಡತೊಡಗಿದರು. ಊರವರಲ್ಲಿ ಅನೇಕರು ದೈವದ ಮುನಿಸೆಂದರು, ನಾಗದೋಷವೆಂದರು, ಹಿಂದಿನವರು ಮಾಡಿದ್ದೆಂದರು. ಹರಕೆ, ಪ್ರಾಯಶ್ಚಿತ್ತಗಳಾದವು. ಹೆತ್ತ ತಾಯಂದಿರು ತಮ್ಮನ್ನೇ ಅಪರಾಧಿಗಳೆಂದುಕೊಂಡು ವರ್ಷಗಟ್ಟಲೆ ಕೊರಗಿದರು. ಯೋಬನ ಗೆಳೆಯರು ಪಡ್ರೆಗೂ ಬಂದಿದ್ದರು. ಮೇಲೆ ಹೆಲಿಕಾಪ್ಟರ್ ತನ್ನ ಪಾಡಿಗೆ ಹಾರುತ್ತಲೇ ಇತ್ತು.

ರಸಾಯನಶಾಸ್ತ್ರ ಓದಿದವನಾಗಿ ಎಂಡೋಸಲ್ಫಾನಿನ ಬಗ್ಗೆ ಎರಡು ಮಾತು. 1950ರ ದಶಕದಲ್ಲಿ ಬಳಕೆಗೆ ಬಂದ ಇದು ಆರು ಕ್ಲೋರಿನ್ ಪರಮಾಣುಗಳಿರುವ ಕೀಟನಾಶಕ. ನರಗಳ ಉದ್ರೇಕವನ್ನು ಹತೋಟಿಯಲ್ಲಿಡುವ ಒಂದು ದ್ವಾರವನ್ನು ಅದು ಮುಚ್ಚಿಬಿಡುತ್ತದೆ. ಕೀಟ ಸೆಳೆತ ಬಂದು ಸಾಯುತ್ತದೆ. ಆ ದ್ವಾರ ಕೀಟಕ್ಕೂ ಇದೆ, ಮನುಷ್ಯನಿಗೂ ಇದೆ. ಮಣ್ಣಿನಲ್ಲಿ ಅದು ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದರ ವಿಷ ಮೂಲದಷ್ಟೇ ಗಟ್ಟಿ, ಬಾಳಿಕೆ ಇನ್ನೂ ಹೆಚ್ಚು. ಕೊಬ್ಬಿನಲ್ಲಿ ಕರಗುವುದರಿಂದ ತಾಯಿಯ ಮೈಯಿಂದ ಗರ್ಭಕ್ಕೂ ಎದೆಹಾಲಿಗೂ ದಾಟುತ್ತದೆ.

ಇಲ್ಲಿ ಓದುಗರು ನನ್ನನ್ನು ಹಿಡಿದು ನಿಲ್ಲಿಸಬಹುದು. "ಹಾಗಾದರೆ ನಿಮ್ಮ ಯೆಹೆಜ್ಕೇಲ ಹೇಳಿದ್ದು ಸುಳ್ಳಾಯಿತಲ್ಲ? ದೊಡ್ಡವರು ತಿಂದ ಹುಳಿಗೆ ಮಕ್ಕಳ ಹಲ್ಲು ಜುಮ್ಮೆಂದದ್ದು ಪಡ್ರೆಯಲ್ಲಿ ನಿಜವಾಯಿತಲ್ಲ?" ನ್ಯಾಯವಾದ ಪ್ರಶ್ನೆ. ನಾನೂ ಇದನ್ನು ಬಹಳ ದಿನ ಯೋಚಿಸಿದ್ದೇನೆ. ನನಗೆ ತೋರಿದ ಉತ್ತರವಿಷ್ಟು: ಫಲ ಬೇರೆ, ಹೊಣೆ ಬೇರೆ. ಒಬ್ಬನ ಕೃತ್ಯದ ಫಲ ಇನ್ನೊಬ್ಬನನ್ನು ಮುಟ್ಟುತ್ತದೆ, ತಲೆಮಾರು ದಾಟುತ್ತದೆ. ಇದು ಪ್ರಕೃತಿಯ ನಿಯಮ, ರಸಾಯನಶಾಸ್ತ್ರದ ನಿಯಮ. ಹೊಣೆ ಹಾಗೆ ದಾಟುವುದಿಲ್ಲ. ಅದು ಮಾಡಿದವನ ಬಳಿಯೇ ಉಳಿಯುತ್ತದೆ. ಯೆಹೆಜ್ಕೇಲ ಅಲ್ಲಗಳೆದದ್ದು ನೋವಿನ ಹರಿವನ್ನಲ್ಲ. ಅವನೇ ಸೆರೆಯಾಳಾಗಿದ್ದ, ಹಿಂದಿನ ಅರಸುಗಳ ಮೂರ್ಖತನದ ಫಲವನ್ನು ಮೈಯಾರೆ ಉಣ್ಣುತ್ತಿದ್ದ. ಅವನು ಅಲ್ಲಗಳೆದದ್ದು ನೋವಿನ ಹಿಂದೆಯೇ ಅಪರಾಧವನ್ನೂ ಅಟ್ಟಿಬಿಡುವ ನಮ್ಮ ಚಾಳಿಯನ್ನು. ಫಲವು ಏನೂ ಅರಿಯದ ಕೂಸಿಗೆ ತಟ್ಟುವುದಾದರೆ ಮಾಡಿದವನ ಹೊಣೆ ಕಡಮೆಯಾಗುವುದಿಲ್ಲ, ನೂರ್ಮಡಿಯಾಗುತ್ತದೆ. ಪಡ್ರೆಯಲ್ಲಂತೂ ಹುಳಿ ತಿಂದವರು ಆ ಮಕ್ಕಳ ಅಪ್ಪಂದಿರೂ ಅಲ್ಲ. ಲಾಭ ಒಂದು ಕಡೆ ಹೋಯಿತು, ಗೇರುಬೀಜ ಇನ್ನೊಂದು ಕಡೆ ಹೋಯಿತು. ಹಲ್ಲು ಮಾತ್ರ ಪಡ್ರೆಯ ಮಕ್ಕಳದು.

ಯೆಹೆಜ್ಕೇಲನ ಇನ್ನೊಂದು ಬೋಧೆ ನಮ್ಮಂಥ ಓದಿದವರಿಗೆ ಇದಕ್ಕಿಂತಲೂ ಕಠಿಣವಾದದ್ದು. ಅದು ಕಾವಲುಗಾರನ ದೃಷ್ಟಾಂತ. ಊರವರು ಒಬ್ಬನನ್ನು ಕಾವಲಿಗೆ ನಿಲ್ಲಿಸುತ್ತಾರೆ. ಕತ್ತಿ ಬರುವುದನ್ನು ಕಂಡು ಅವನು ಕೊಂಬು ಊದಿದರೆ ಅವನ ಕೆಲಸ ಮುಗಿಯಿತು. ಕೇಳಿಯೂ ಕೇಳದವನ ಸಾವಿಗೆ ಅವನವನೇ ಹೊಣೆ. ಆದರೆ ಕಂಡೂ ಊದದಿದ್ದರೆ? ಸತ್ತವರ ರಕ್ತದ ಲೆಕ್ಕವನ್ನು ಆ ಕಾವಲುಗಾರನಿಂದಲೇ ವಸೂಲು ಮಾಡುತ್ತೇನೆ ಎನ್ನುತ್ತಾನೆ ದೇವರು. ಅವನು ಕತ್ತಿ ಬೀಸಿದವನಲ್ಲ. ಯಾರನ್ನೂ ಮುಟ್ಟಿದವನೂ ಅಲ್ಲ. ಅವನ ಅಪರಾಧ ಒಂದೇ, ಗೊತ್ತಿದ್ದೂ ಸುಮ್ಮನಿದ್ದದ್ದು. ಇದೇ ಪ್ರವಾದಿ ಒಂದು ಕಡೆ ಅವನವನ ಲೆಕ್ಕ ಅವನವನದೆಂದು ಹೇಳಿ, ಇನ್ನೊಂದು ಕಡೆ ಬೇರೆಯವರ ಪ್ರಾಣದ ಲೆಕ್ಕವನ್ನು ನಿನ್ನಲ್ಲಿ ಕೇಳುತ್ತೇನೆಂದು ಹೇಳುವುದು ವಿರೋಧವೆನಿಸಬಹುದು. ವಿರೋಧವಿಲ್ಲ. ಬಲ್ಲವನ ಲೆಕ್ಕದ ಪುಸ್ತಕದಲ್ಲಿ ಅವನ ಮೌನವೂ ಒಂದು ಬಾಬು, ಅಷ್ಟೆ.

ಕಾಸರಗೋಡಿನಲ್ಲಿ ಕೊಂಬು ಊದಿದವರಿದ್ದರು. ಶ್ರೀ ಪಡ್ರೆಯವರು ಊದಿದರು. ಡಾ. ಮೋಹನ ಕುಮಾರ್ ಊದಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮನವರು ನ್ಯಾಯಾಲಯಕ್ಕೆ ಹೋಗಿ, 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಿಂದ ಸಿಂಪಡಣೆಗೆ ತಡೆ ತಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಪಡ್ರೆಯ ಶಾಲಾ ಮಕ್ಕಳನ್ನು ಸಿಂಪಡಣೆಯಿಲ್ಲದ ಮೀಂಜದ ಮಕ್ಕಳ ಜೊತೆ ಹೋಲಿಸಿ ನೋಡಿದರು. ಸಿಂಪಡಣೆ ನಿಂತು ತಿಂಗಳುಗಳು ಕಳೆದರೂ ಪಡ್ರೆಯ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಾಗಿತ್ತು, ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು. ಇನ್ನೊಂದು ಕಡೆ, ಕೇಂದ್ರ ಸರಕಾರ ನೇಮಿಸಿದ ದುಬೆ ಸಮಿತಿ 2003ರಲ್ಲಿ, ಮಾಯಿ ಸಮಿತಿ 2004ರಲ್ಲಿ, ರೋಗಕ್ಕೂ ಎಂಡೋಸಲ್ಫಾನಿಗೂ ಸಂಬಂಧ ಸಿದ್ಧವಾಗಿಲ್ಲವೆಂದವು. ಕೊನೆಗೆ 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಂ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಮೊದಲ ಕರುವಿನ ಸುದ್ದಿಯಿಂದ ಇಲ್ಲಿಯ ತನಕ ಮೂವತ್ತೆರಡು ವರ್ಷ.

ವಿಜ್ಞಾನದ ದೃಷ್ಟಿಯಿಂದ ಪ್ರಾಮಾಣಿಕವಾಗಿ ಹೇಳುವುದಾದರೆ, ಇಂಥ ಮಗುವಿನ ಇಂಥ ರೋಗಕ್ಕೆ ಇದೇ ವಿಷ ಕಾರಣವೆಂದು ಒಂದೊಂದನ್ನೇ ಬಿಡಿಸಿ ತೋರಿಸುವುದು ಸಾಧ್ಯವಿಲ್ಲ. ಪಟ್ಟಿಯಲ್ಲಿರುವ ಕೆಲವು ರೋಗಗಳು ಬೇರೆ ಕಾರಣದಿಂದಲೂ ಬಂದಿರಬಹುದು. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಪುರಾವೆಯ ಪ್ರಶ್ನೆಯೊಂದು, ಹೊಣೆಯ ಪ್ರಶ್ನೆ ಇನ್ನೊಂದು. ಕತ್ತಿ ಬರುತ್ತಿದೆಯೆಂದು ಕಂಡಾಗ ಊದಬೇಕೆಂಬುದೇ ಕಾವಲುಗಾರನಿಗಿರುವ ಆಜ್ಞೆ. ಕತ್ತಿ ಕುತ್ತಿಗೆಗೆ ಬಿದ್ದದ್ದು ಖಚಿತವಾದ ಮೇಲೆ ಊದೆಂದಲ್ಲ. ನರಕ್ಕೆ ತಗಲುವ ವಿಷವನ್ನು ಜನರ ಕುಡಿಯುವ ನೀರಿನ ಮೇಲೆ ಆಕಾಶದಿಂದ ಸುರಿಯಬಾರದೆಂದು ತಿಳಿಯಲು ಯಾವ ಸಮಿತಿಯೂ ಬೇಕಿರಲಿಲ್ಲ. ಸಂಶಯದ ಲಾಭ ಯಾರಿಗೆ ಸಲ್ಲಬೇಕು, ಡಬ್ಬಿಯಲ್ಲಿರುವ ವಿಷಕ್ಕೋ, ತೊಟ್ಟಿಲಲ್ಲಿರುವ ಮಗುವಿಗೋ? ಇದು ಪ್ರಯೋಗಾಲಯ ತೀರ್ಮಾನಿಸುವ ಪ್ರಶ್ನೆಯಲ್ಲ. ಮನುಷ್ಯ ತೀರ್ಮಾನಿಸಬೇಕಾದ ಪ್ರಶ್ನೆ.

ಇಷ್ಟರ ತನಕ ನಾನು ಇತರರ ತಪ್ಪನ್ನೇ ಹೇಳಿದೆ. ಇಲ್ಲಿ ನನಗೆ ಆಮೋಸನ ನೆನಪಾಗುತ್ತದೆ. ತೆಕೋವ ಎಂಬ ಊರಿನ ಕುರುಬ, ಕಾಡು ಅತ್ತಿಮರಗಳನ್ನು ನೋಡಿಕೊಳ್ಳುತ್ತಿದ್ದವನು, ಕ್ರಿ.ಪೂ. ಎಂಟನೆಯ ಶತಮಾನದವನು. ಅವನ ಮಾತಿನ ಕ್ರಮ ನೋಡಿ: ಮೊದಲು ದಮಸ್ಕದವರ ಅಪರಾಧ ಹೇಳುತ್ತಾನೆ, ಬಳಿಕ ಗಾಜದವರದು, ತೂರಿನವರದು, ಎದೋಮಿನವರದು, ಹೀಗೆ ಸುತ್ತಲಿನ ನೆರೆಹೊರೆಯವರದೆಲ್ಲ. ಕೇಳುವವರು ತಲೆದೂಗುತ್ತಿದ್ದಿರಬೇಕು. ಕೊನೆಗೆ ಅವರ ಕಡೆಗೇ ತಿರುಗಿ, ಬಡವನನ್ನು ಒಂದು ಜೊತೆ ಚಪ್ಪಲಿಯ ಬೆಲೆಗೆ ಮಾರಿದವರು ನೀವು ಎನ್ನುತ್ತಾನೆ. ಬೇತೇಲಿನ ಗುಡಿಯ ಯಾಜಕ ಅವನಿಗೆ ನಿನ್ನೂರಿಗೆ ಹೋಗಿ ರೊಟ್ಟಿ ಸಂಪಾದಿಸೆಂದ. ಇತರರ ಪಾಪ ಹೇಳುವ ತನಕ ಪ್ರವಾದಿ ಎಲ್ಲರಿಗೂ ಪ್ರಿಯನೇ.

ಆದುದರಿಂದ ನನ್ನದನ್ನೂ ಹೇಳಿಬಿಡುತ್ತೇನೆ. ಡಾಕ್ಟರೇಟ್ ಮುಗಿಸಿ ಭಾರತದಲ್ಲಿ ನಾನು ಮೊದಲು ಸೇರಿದ ಪ್ರಯೋಗಾಲಯಕ್ಕೆ ಒಂದು ಕಾರ್ಖಾನೆಯ ಸುತ್ತಲಿನ ಬಾವಿಗಳ ನೀರು ಪರೀಕ್ಷೆಗೆ ಬರುತ್ತಿತ್ತು. ಒಮ್ಮೆ ಒಂದು ಬಾವಿಯ ನೀರಿನಲ್ಲಿ ಕ್ಲೋರಿನ್ ಸೇರಿದ ಒಂದು ದ್ರಾವಕ ಮಿತಿಗಿಂತ ಎಷ್ಟೋ ಮೇಲಿತ್ತು. ಮೂರು ಸಲ ನೋಡಿದೆ, ಅಂಕಿ ಬದಲಾಗಲಿಲ್ಲ. ಮೇಲಿನವರು ಬೈಯಲಿಲ್ಲ, ಬೆದರಿಸಲಿಲ್ಲ. "ಮಳೆ ಬರಲಿ ಮಾರಾಯ, ಆಮೇಲೆ ಇನ್ನೊಂದು ಸ್ಯಾಂಪಲ್ ತೆಗೆದು ನೋಡುವ" ಎಂದು ಸಮಾಧಾನವಾಗಿ ಹೇಳಿದರು. ಮಳೆ ಬಂತು. ಬಾವಿ ತುಂಬಿತು. ಅಂಕಿ ಮಿತಿಯೊಳಗೆ ಇಳಿಯಿತು. ವರದಿಗೆ ಹೋದದ್ದು ಎರಡನೆಯ ಅಂಕಿ ಮಾತ್ರ. ಅದರ ಕೆಳಗೆ ಇದ್ದದ್ದು ನನ್ನ ರುಜು, ಹೊಸದಾಗಿ ಗಳಿಸಿದ ಪದವಿಯ ಸಮೇತ. ಆ ವರದಿಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ಬಾವಿಯಿಂದ ಬೇಸಗೆಯಲ್ಲಿ ನೀರು ಸೇದುತ್ತಿದ್ದವರು ಯಾರೆಂದು ನಾನು ಹೋಗಿ ನೋಡಲಿಲ್ಲ, ಈಗಲೂ ನನಗೆ ಗೊತ್ತಿಲ್ಲ. ಅವರ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾಗಿ, ಪೂರ್ವಜನ್ಮದ ಪಾಪವೆಂದು ಯಾರಾದರೂ ಹೇಳಿದ್ದರೆ, ಆ ಜನ್ಮದ ಹೆಸರು ನನಗೆ ಗೊತ್ತು. ಅದು ಈ ಜನ್ಮವೇ. ಅಂದು ಬಸ್ಸಿನಲ್ಲಿ ಆ ಮಾತು ನನಗೆ ಚುಚ್ಚಿದ್ದಕ್ಕೆ ಕಾರಣ ಇದು.

ಒಮಾನಿನಲ್ಲಿರುವ ನಾವು ಕನ್ನಡಿಗರು ಹೆಚ್ಚಿನವರು ರುಜು ಹಾಕುವ ಕೆಲಸದಲ್ಲಿರುವವರು. ಎಂಜಿನಿಯರು, ಲೆಕ್ಕಿಗ, ವೈದ್ಯ, ಪ್ರಯೋಗಾಲಯದವ, ಸೈಟಿನ ಮೇಲ್ವಿಚಾರಕ. ಜೂನಿನಿಂದ ಆಗಸ್ಟಿನ ತನಕ ಮಧ್ಯಾಹ್ನ 12.30ರಿಂದ 3.30ರ ವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ಒಳ್ಳೆಯ ನಿಯಮ ಇಲ್ಲಿದೆ. ಅದು ಕಾಗದದಲ್ಲಿ ಉಳಿಯುವುದೋ ಕೂಲಿಯವನ ನೆತ್ತಿಯನ್ನು ಕಾಯುವುದೋ ಎಂಬುದು ಎಷ್ಟೋ ಕಡೆ ನಮ್ಮವರಲ್ಲೊಬ್ಬನ ಕಣ್ಣಿನ ಮೇಲೆ ನಿಂತಿದೆ. "ಪರದೇಶ, ನಮಗೇಕೆ" ಎಂಬ ಮಾತು ನಮ್ಮ ಹುಳಿ ದ್ರಾಕ್ಷಿ. ಯೆಹೆಜ್ಕೇಲನ ಸಮಕಾಲೀನ ಯೆರೆಮೀಯ ಬ್ಯಾಬಿಲೋನಿನ ಸೆರೆಯಾಳುಗಳಿಗೆ ಪತ್ರ ಬರೆದು, ನೀವಿರುವ ಪಟ್ಟಣದ ಕ್ಷೇಮವನ್ನೇ ಬಯಸಿರಿ, ಅದರ ಕ್ಷೇಮದಲ್ಲಿ ನಿಮ್ಮ ಕ್ಷೇಮವಿದೆ ಎಂಬರ್ಥದಲ್ಲಿ ತಿಳಿಹೇಳಿದ್ದ. ಸೆರೆಯಾಳುಗಳಿಗೇ ಆ ಹೊಣೆಯಿದ್ದರೆ ಸಂಬಳದವರಾದ ನಮಗಿಲ್ಲವೇ?

ಊರಿನ ಹೊಣೆಯೂ ಮುಗಿದಿಲ್ಲ. ಸುಪ್ರೀಂ ಕೋರ್ಟು 2017ರ ಜನವರಿ 10ರಂದು ಕಾಸರಗೋಡಿನ ಐದು ಸಾವಿರಕ್ಕೂ ಹೆಚ್ಚು ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ವಿಚಾರಿಸಿದಾಗ, 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟೇ ಮಂದಿಗೆ, ಅದೂ ನ್ಯಾಯಾಲಯದ ಬಾಗಿಲು ತಟ್ಟಿದವರಿಗೆ ಎಂಬುದು ಬಯಲಾಯಿತು. ನಮ್ಮದೇ ರಾಜ್ಯದ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಸುತ್ತ ಕರ್ನಾಟಕದ ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲಿಯೂ ಇದೇ ಔಷಧಿಯನ್ನು ಹೀಗೆಯೇ ಸಿಂಪಡಿಸಲಾಗಿತ್ತು. ಕಾಸರಗೋಡಿನ ಹೆಸರು ದೇಶಕ್ಕೆ ಗೊತ್ತಾಯಿತು. ಕೊಕ್ಕಡದ ಹೆಸರು ನಮಗೇ ಸರಿಯಾಗಿ ಗೊತ್ತಿಲ್ಲ. ಅಲ್ಲಿಯ ಮಕ್ಕಳು ಈಗ ಮೂವತ್ತು ನಲವತ್ತರ ಪ್ರಾಯದವರು, ಮಲಗಿದಲ್ಲೇ ಇರುವವರೂ ಅವರಲ್ಲಿದ್ದಾರೆ. ಅವರನ್ನು ಎತ್ತಿ ಮೀಯಿಸುವ ತಾಯಂದಿರು ಮುದುಕಿಯರಾಗುತ್ತಿದ್ದಾರೆ. ಆ ತಾಯಂದಿರ ನಂತರ ಯಾರು ಎಂಬುದು ಇಂದಿನ ಪ್ರಶ್ನೆ.

ಯೆಹೆಜ್ಕೇಲನಲ್ಲಿ ನನಗೆ ಧೈರ್ಯ ಕೊಡುವ ಮಾತು ಒಂದೇ: ತಿರುಗಿ ಬರಬಹುದು. ನಿನ್ನೆ ಊದದ ಕೊಂಬನ್ನು ಇಂದು ಊದಬಹುದು. ನಮ್ಮ ಸಂಘ ಈ ವರ್ಷದ ರಾಜ್ಯೋತ್ಸವದ ಖರ್ಚಿನಲ್ಲಿ ಒಂದು ಪಾಲನ್ನು ಕೊಕ್ಕಡ, ಪಡ್ರೆ ಕಡೆಯ ಇಂಥ ಮನೆಗಳ ಶುಶ್ರೂಷೆಗೆ ತೆಗೆದಿಡಲಿ ಎಂಬುದು ನನ್ನ ಸೂಚನೆ. ಇದು ದಾನವೆಂದು ಕರೆಯಬಾರದು. ಆ ಗೇರುಬೀಜವನ್ನು ನಾವೂ ತಿಂದಿದ್ದೇವೆ. ಮತ್ತು ಇನ್ನು ಮುಂದೆ ಸಲಾಲಾಕ್ಕೆ ಹೋಗಿ ಅಯ್ಯೂಬರ ಗೋರಿಗೆ ಕೈಮುಗಿಯುವವರು, ಆ ಗೆಳೆಯರು ಮೊದಲ ಏಳು ದಿನ ಮಾಡಿದ್ದನ್ನಷ್ಟೇ ನೆನಪಿಟ್ಟುಕೊಳ್ಳಲಿ: ನೊಂದವರ ಪಕ್ಕ ನೆಲದ ಮೇಲೆ ಕುಳಿತುಕೊಳ್ಳುವುದು, ಅವರ ಪಾಪವನ್ನು ಎಣಿಸದಿರುವುದು.

ಬಸ್ಸಿನಲ್ಲಿ ಆ ಮಾತಾಡಿದ ಹಿರಿಯರು ಈ ಪತ್ರಿಕೆಯನ್ನು ತಪ್ಪದೆ ಓದುವವರು. ನನ್ನ ಮಾತಿನಲ್ಲಿ ಅವಿನಯ ಕಂಡರೆ ಕ್ಷಮಿಸಲಿ. ತಪ್ಪು ಕಂಡರೆ ಮುಂದಿನ ಸಂಚಿಕೆಯಲ್ಲಿ ಬರೆದು ತಿದ್ದಲಿ.